ಬದುವಿನ ಕಳೆ, ಹೊಲದ ಕಾಯಿ

ಶಿವರಾತ್ರಿ ಕಳೆದು ಯುಗಾದಿ ಹತ್ತಿರ ಬರುವಷ್ಟರಲ್ಲಿ ಚಿತ್ರದುರ್ಗ ಸೀಮೆಯ ಮಳೆಯಾಶ್ರಿತ ಹೊಲಗಳು ಬೋಳಾಗಿರುತ್ತವೆ. ರಾಗಿ, ಶೇಂಗಾ, ಮೆಕ್ಕೆಜೋಳ ಕಣ ದಾಟಿ ಮನೆ ಸೇರಿರುತ್ತವೆ. ಹಸಿರು ಉಳಿದಿರುವುದು ಕೊಳವೆಬಾವಿ ಇದ್ದಲ್ಲಿ: ಹಿರಿಯೂರು, ಹೊಸದುರ್ಗದ ದಾಳಿಂಬೆ ಮತ್ತು ತೆಂಗು, ಹೊಳಲ್ಕೆರೆಯ ಅಡಿಕೆ, ಅಲ್ಲಲ್ಲಿ ಬದನೆ, ಟೊಮೆಟೊ, ಹೀರೆ, ಸೌತೆ. ಬೇವು, ಹೊಂಗೆ ಆಗಲೇ ಹೂಬಿಡುತ್ತವೆ, ನಿಜ. ಆದರೆ ಮರದ ಹೂವಿನ ಸುಗ್ಗಿ ಕೆಲವೇ ವಾರಗಳದು. ಅದಕ್ಕೆ ಮೊದಲೂ ಆಮೇಲೂ ಜೇನು, ದುಂಬಿಗಳ ಹೊಟ್ಟೆ ತುಂಬಿಸುವುದು ಬದುವಿನ ಮೇಲೆ, ಡ್ರಿಪ್ ಪೈಪಿನ ತೇವದಲ್ಲಿ ತಾನಾಗಿ ಎದ್ದ ತುಂಬೆ, ಉತ್ತರಾಣಿ, ನೆಗ್ಗಿಲು, ತಂಗಡಿ. ಇವನ್ನೂ ಕಳೆನಾಶಕ ಹೊಡೆದು ಸುಟ್ಟು ತೋಟವನ್ನು ಚೊಕ್ಕಟ ಮಾಡುವ ಅಭ್ಯಾಸ ಈಗ ಎಲ್ಲೆಡೆ ಬೇರೂರಿದೆ. ಸಾಲಿನೊಳಗಿನ ಕಳೆ ಬೆಳೆಯ ಶತ್ರು, ಅದರಲ್ಲಿ ಎರಡು ಮಾತಿಲ್ಲ. ಬದುವಿನ ಕಳೆಯನ್ನೂ ಅದೇ ಲೆಕ್ಕಕ್ಕೆ ಸೇರಿಸುವುದು ಮಾತ್ರ ರೈತನಿಗೇ ನಷ್ಟ.

ತಂಗಡಿಯನ್ನೇ ನೋಡಿ. ದನ ಮೇಯದ, ಬರಕ್ಕೆ ಬಗ್ಗದ ಈ ಹಳದಿ ಹೂವಿನ ಪೊದೆ ಇಲ್ಲಿನ ದಿಣ್ಣೆಗಳಲ್ಲಿ ಬೇಡವೆಂದರೂ ಬೆಳೆಯುತ್ತದೆ. ಅದರ ಹೂವಿನಲ್ಲಿ ಮಕರಂದವಿಲ್ಲ; ಇರುವುದು ಪರಾಗ, ಅದೂ ಮುಚ್ಚಿದ ಕೊಳವೆಯಂಥ ಕೇಸರದೊಳಗೆ. ಕೊಳವೆಯ ತುದಿಯಲ್ಲಿ ಸಣ್ಣ ರಂಧ್ರ ಬಿಟ್ಟರೆ ಬೇರೆ ದಾರಿಯಿಲ್ಲ. ಮರ ಕೊರೆಯುವ ದೊಡ್ಡ ಕಪ್ಪು ದುಂಬಿ ಬಂದು ಕೇಸರವನ್ನು ಕಾಲುಗಳಿಂದ ಅಪ್ಪಿ ಹಿಡಿಯುತ್ತದೆ. ರೆಕ್ಕೆ ಬಡಿಯದೆ, ಹಾರಾಟದ ಸ್ನಾಯುಗಳನ್ನಷ್ಟೇ ನಡುಗಿಸುತ್ತದೆ. ಝುಯ್ ಎಂಬ ಸದ್ದಿನೊಂದಿಗೆ ಪರಾಗ ಹಿಟ್ಟಿನಂತೆ ಚಿಮ್ಮಿ ಅದರ ಹೊಟ್ಟೆಗೆ ಮೆತ್ತಿಕೊಳ್ಳುತ್ತದೆ. ಬದನೆ ಹೂವಿನ ಕೇಸರವೂ ತುದಿಯ ರಂಧ್ರದಿಂದಲೇ ಪರಾಗ ಬಿಡುತ್ತದೆ, ಟೊಮೆಟೊಗೂ ಇಂಥ ನಡುಕದಿಂದ ಲಾಭ. ತುಡುವೆ ಜೇನಿಗಾಗಲಿ ಪೆಟ್ಟಿಗೆಯಲ್ಲಿ ಸಾಕುವ ಯುರೋಪಿಯನ್ ಜೇನಿಗಾಗಲಿ ಈ ವಿದ್ಯೆ ಬಾರದು. ಹೀಗಿರುವಾಗ ಬದನೆ ಹೂ ಇಲ್ಲದ ತಿಂಗಳುಗಳಲ್ಲಿ ದುಂಬಿಗೆ ಪರಾಗ ಒದಗಿಸುವ ತಂಗಡಿಯನ್ನು ಕಡಿದವರು ಬದನೆ ಹೂ ಬಿಟ್ಟಾಗ ದುಂಬಿಯನ್ನು ಎಲ್ಲಿಂದ ತರಬೇಕು?

ನಮ್ಮ ಮುಖ್ಯ ಬೆಳೆಗಳಿಗೆ ಜೇನೇ ಬೇಡವಲ್ಲ ಎನ್ನುವವರಿದ್ದಾರೆ. ಅರ್ಧ ಸರಿ. ಮೆಕ್ಕೆಜೋಳಕ್ಕೆ ಗಾಳಿ ಸಾಕು, ರಾಗಿ, ಶೇಂಗಾಗಳಲ್ಲಿ ಸ್ವಕೀಯ ಪರಾಗಸ್ಪರ್ಶ. ಆದರೆ ಹೀರೆ, ಸೌತೆ, ಕುಂಬಳಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ; ಕೀಟ ಬಾರದಿದ್ದರೆ ಈಚು ಹಳದಿಯಾಗಿ ಉದುರುತ್ತದೆ. ರಾಗಿ ಹೊಲದ ಅಕ್ಕಡಿ ಸಾಲಿನ ಹುಚ್ಚೆಳ್ಳು ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ಸೂರ್ಯಕಾಂತಿಯ ತೆನೆಯಲ್ಲಿ ಕಿರುಹೂಗಳು ಅಂಚಿನಿಂದ ನಡುವಿಗೆ ದಿನಕ್ಕೊಂದಿಷ್ಟು ಅರಳುತ್ತವೆ, ಪ್ರತಿ ಹೂವಿನಲ್ಲೂ ಮೊದಲು ಪರಾಗ, ಆಮೇಲೆ ಶಲಾಕೆ. ಅಷ್ಟು ದಿನವೂ ಜೇನು ಓಡಾಡದಿದ್ದರೆ ಜೊಳ್ಳು ಹೆಚ್ಚುತ್ತದೆ. ದಾಳಿಂಬೆಯಲ್ಲೂ ಜೇನು ಬಂದರೆ ಕಾಯಿ ಕಚ್ಚುವುದು ಹೆಚ್ಚು. ಜಗತ್ತಿನ ಪ್ರಮುಖ ಆಹಾರ ಬೆಳೆಗಳಲ್ಲಿ ಮುಕ್ಕಾಲು ಪಾಲಿಗೆ ಪ್ರಾಣಿ-ಕೀಟಗಳ ಪರಾಗಸ್ಪರ್ಶದಿಂದ ಲಾಭವಿದೆ ಎಂದು 2007ರ ಅಧ್ಯಯನವೊಂದು ಲೆಕ್ಕ ಕೊಟ್ಟಿದೆ. ಕಾಳಿನ ಹೊಲಕ್ಕಿಂತ ಕಾಯಿ-ಹಣ್ಣಿನ ತೋಟಕ್ಕೆ ಜಿಲ್ಲೆ ಹೊರಳಿದಷ್ಟೂ ಈ ನಂಟು ಬಿಗಿಯಾಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಕಳೆಯೇ ರೋಗದ ತವರಲ್ಲವೇ? ಹೌದು, ಅದಕ್ಕೆ ನಮ್ಮಲ್ಲೇ ಕಹಿ ಸಾಕ್ಷಿಯಿದೆ. 1997ರಲ್ಲಿ ಬಾಗೇಪಲ್ಲಿ ಕಡೆ ಸೂರ್ಯಕಾಂತಿಗೆ ನೆಕ್ರೋಸಿಸ್ ರೋಗ ಕಾಣಿಸಿತು. 2000ದಲ್ಲಿ ನಮ್ಮ ಗಡಿಯಾಚೆಯ ಅನಂತಪುರದಲ್ಲಿ ಅದೇ ವೈರಸ್ ಶೇಂಗಾವನ್ನು ಹಾಳುಗೆಡವಿತು. ಹುಡುಕುತ್ತ ಹೋದಾಗ ಸಿಕ್ಕಿದ್ದು ಪಾರ್ಥೇನಿಯಂ. ಈ ಕಳೆ ರೋಗಲಕ್ಷಣವನ್ನೇ ತೋರದೆ ವೈರಸ್ಸನ್ನು ಒಡಲಲ್ಲಿಟ್ಟುಕೊಳ್ಳುತ್ತದೆ. ಸೋಂಕಿದ ಪರಾಗ ಬೆಳೆಯ ಎಲೆ ಮೇಲೆ ಬೀಳುತ್ತದೆ, ಥ್ರಿಪ್ಸ್ ನುಸಿ ಎಲೆ ಕೆರೆದಾಗ ವೈರಸ್ ಒಳಹೊಗುತ್ತದೆ. ಆದ್ದರಿಂದ ಪಾರ್ಥೇನಿಯಂ ವಿಷಯದಲ್ಲಿ ರಿಯಾಯಿತಿ ಕೂಡದು, ಹೂಬಿಡುವ ಮೊದಲೇ ಕೀಳಬೇಕು. ಆದರೆ ಈ ಪ್ರಕರಣ ಬೊಟ್ಟು ಮಾಡುವುದು ಒಂದು ಗಿಡದ ಕಡೆಗೆ. ಅದರ ಅಪರಾಧಕ್ಕೆ ತುಂಬೆಗೂ ತಂಗಡಿಗೂ ಶಿಕ್ಷೆ ಯಾಕೆ? ಎಲ್ಲವನ್ನೂ ಬೋಳಿಸಿದ ನೆಲವನ್ನು ಮೊದಲ ಮಳೆಗೆ ಮೊದಲು ಹಿಡಿಯುವುದೂ ಪಾರ್ಥೇನಿಯಮ್ಮೇ ಅಲ್ಲವೇ!

ಬದುವಿನ ಹೂ ಜೇನನ್ನು ಬೆಳೆಯಿಂದ ದೂರ ಸೆಳೆಯುತ್ತದೆ ಎಂಬ ಮಾತನ್ನೂ ತಳ್ಳಿಹಾಕುವಂತಿಲ್ಲ. ಬೀಜಕ್ಕೆ ಬಿಟ್ಟ ಈರುಳ್ಳಿಯ ಮಕರಂದದಲ್ಲಿ ಪೊಟ್ಯಾಸಿಯಂ ಜಾಸ್ತಿ, ಜೇನಿಗೆ ಅದು ಅಷ್ಟಾಗಿ ರುಚಿಸದು. ಪಕ್ಕದಲ್ಲಿ ಬೇರೆ ಹೂವಿದ್ದರೆ ಅತ್ತಲೇ ಹೋಗುತ್ತದೆ. ಅಂಥ ಹೊಲದವರು ಈರುಳ್ಳಿ ಹೂವಿರುವ ಕೆಲವು ವಾರ ಬದುವಿನ ಹೂವನ್ನು ಕುಡುಗೋಲಿನಿಂದ ಸವರಿ, ಬೇರು ಬಿಟ್ಟರಾಯಿತು, ಮತ್ತೆ ಚಿಗುರುತ್ತದೆ. ನೀರು-ಗೊಬ್ಬರದ ಪೈಪೋಟಿ ನಡೆಯುವುದು ಸಾಲಿನಲ್ಲಿ, ಅದೂ ಬೆಳೆ ಎಳೆಯದಾಗಿದ್ದಾಗ. ಆಗ ಎಡೆಕುಂಟೆ ಹೊಡೆಯಲೇಬೇಕು. ಬದುವನ್ನು ಮಾತ್ರ ಅಗೆಯಬಾರದು, ಏಕೆಂದರೆ ಲೋಕದ ಸುಮಾರು 20,000 ಜಾತಿಯ ಜೇನು-ದುಂಬಿಗಳಲ್ಲಿ ಹೆಚ್ಚಿನವು ಗೂಡು ಮಾಡುವುದು ಕದಲದ ನೆಲದೊಳಗೆ. ಹೂವಿರುವ ಬದುವಿನ ಪಕ್ಕ ಹಗಲಲ್ಲಿ ಕೀಟನಾಶಕ ಹೊಡೆದರೆ ಊಟಕ್ಕೆ ಕರೆದು ವಿಷ ಉಣಿಸಿದಂತೆ. ಸಿಂಪಡಣೆ ಅನಿವಾರ್ಯವಾದರೆ ಜೇನು ಗೂಡು ಸೇರಿದ ಮೇಲೆ, ಸಂಜೆ ಗಾಳಿ ನಿಂತಾಗ, ಬೆಳೆಯ ಮೇಲಷ್ಟೇ ಬೀಳುವಂತೆ ನಳಿಕೆ ತಗ್ಗಿಸಿ ಹೊಡೆಯಬೇಕು.