ಸೀಟು ಸಿಕ್ಕರೆ ಸಾಲದು, ಸೂರೂ ಸಿಗಬೇಕು

ಪದವಿ ಮತ್ತು ಸ್ನಾತಕೋತ್ತರ ಶಿಕ್ಷಣಕ್ಕಾಗಿ ಊರು ಬಿಟ್ಟು ಬರುವವರಿಗೆ ಊಟ, ವಸತಿ ಹಾಗೂ ಓದಿಗೆ ಬೇಕಾದ ಕನಿಷ್ಠ ಅನುಕೂಲಗಳನ್ನು ಒದಗಿಸುವ ವ್ಯವಸ್ಥೆಗೆ ಕಾಗದಪತ್ರಗಳಲ್ಲಿ ವಿದ್ಯಾರ್ಥಿ ನಿಲಯವೆಂದೂ ಆಡುಮಾತಿನಲ್ಲಿ ಹಾಸ್ಟೆಲ್ ಎಂದೂ ಹೆಸರು. ಶಿಕ್ಷಣದ ಚರ್ಚೆಯಲ್ಲಿ ಪಠ್ಯ, ಅಧ್ಯಾಪಕರು, ಗ್ರಂಥಾಲಯ, ಪ್ರಯೋಗಾಲಯಗಳೆಲ್ಲ ಮುಗಿದ ಮೇಲೆ ಹಾಸ್ಟೆಲಿನ ಮಾತು ಬರುವುದು ವಾಡಿಕೆ. ಆದರೆ ಕರ್ನಾಟಕದ ಮಟ್ಟಿಗೆ ಹಾಸ್ಟೆಲ್ ಕೆಲವೆಡೆ ಕಾಲೇಜಿಗಿಂತ ಮೊದಲೇ ಹುಟ್ಟಿತು. ಯಾರು ಓದಬಲ್ಲರು, ಯಾರು ಓದನ್ನು ಅರ್ಧಕ್ಕೆ ಬಿಟ್ಟು ಊರಿಗೆ ಮರಳಬೇಕು ಎಂಬುದನ್ನು ಅಂಕಪಟ್ಟಿಯಷ್ಟೇ ಖಚಿತವಾಗಿ ಅದೂ ತೀರ್ಮಾನಿಸುತ್ತ ಬಂದಿದೆ.

ಹಾಸ್ಟೆಲುಗಳು ಹರಡುವ ಮುನ್ನ ಪಟ್ಟಣಕ್ಕೆ ಬಂದ ಬಡ ಹುಡುಗರಿಗಿದ್ದ ಆಸರೆಯೆಂದರೆ ವಾರಾನ್ನ. ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ದಿನಕ್ಕೊಂದು ಮನೆಯಲ್ಲಿ ಉಂಡು ಶಾಲೆಗೆ ಹೋಗುವ ಈ ಪದ್ಧತಿ ಎಷ್ಟೋ ಮಂದಿಯನ್ನು ದಡ ಸೇರಿಸಿತು ಎಂಬುದು ನಿಜ. ಆದರೆ ಪಂಕ್ತಿಯ ನಿಯಮ ಜಾತಿಗೆ ಅಂಟಿಕೊಂಡಿದ್ದ ಕಾಲದಲ್ಲಿ ಅದರ ಪ್ರಯೋಜನ ಹೆಚ್ಚಾಗಿ ದಕ್ಕಿದ್ದು ಬ್ರಾಹ್ಮಣ ಹುಡುಗರಿಗೆ. ಪಟ್ಟಣದಲ್ಲಿ ತಮ್ಮವರ ಮನೆಗಳೇ ಇಲ್ಲದ ರೈತಾಪಿ ಸಮುದಾಯಗಳ ಮಕ್ಕಳಿಗೆ ಆ ದಾರಿ ಬಹುಮಟ್ಟಿಗೆ ಮುಚ್ಚಿತ್ತು. ಬಾಡಿಗೆಗೆ ಕೋಣೆ ಕೇಳಿದರೂ ಸಿಗದ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಂತೂ ಪೂರ್ತಿಯಾಗಿ ಮುಚ್ಚಿತ್ತು.

ಈ ಕೊರತೆಯನ್ನು ಗುರುತಿಸಿದವರಲ್ಲಿ ಕೊಲ್ಹಾಪುರದ ಶಾಹೂ ಮಹಾರಾಜರು ಮುಖ್ಯರು. 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗಾಗಿ ವಿಕ್ಟೋರಿಯಾ ಬೋರ್ಡಿಂಗ್ ಆರಂಭವಾದ ಮೇಲೆ ಅವರ ಸಂಸ್ಥಾನದಲ್ಲಿ ಜೈನ, ಲಿಂಗಾಯತ, ಮುಸ್ಲಿಂ ಹಾಗೂ ಅಸ್ಪೃಶ್ಯ ಸಮುದಾಯಗಳಿಗೂ ಬೋರ್ಡಿಂಗುಗಳು ಒಂದೊಂದಾಗಿ ತೆರೆದವು. ಕನ್ನಡ ನಾಡಿನಲ್ಲಿ ಇದೇ ಹೊಣೆಯನ್ನು ಸಮುದಾಯ ಸಂಘಗಳೂ ಮಠಗಳೂ ಹೊತ್ತವು. ಮಠಗಳು ನಡೆಸುವ ಉಚಿತ ಊಟ ಮತ್ತು ವಸತಿಯ ನೆಲೆಗಳಿಗೆ ಪ್ರಸಾದ ನಿಲಯವೆಂದು ಹೆಸರು. ಧಾರವಾಡದ ಮುರುಘಾಮಠ ಮತ್ತು ತುಮಕೂರಿನ ಸಿದ್ಧಗಂಗಾ ಮಠ ಈ ಪರಂಪರೆಗೆ ಹೆಸರಾದವು. ಮೈಸೂರಿನಲ್ಲಿ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೊದಲು ವಿದ್ಯಾರ್ಥಿ ನಿಲಯ ನಡೆಸಿ, ಆಮೇಲಷ್ಟೇ, 1954ರಲ್ಲಿ, ಜೆಎಸ್ಎಸ್ ಮಹಾವಿದ್ಯಾಪೀಠವನ್ನು ಸ್ಥಾಪಿಸಿದ ಕ್ರಮವು ಪಾಠಕ್ಕಿಂತ ಮೊದಲು ಅನ್ನವೆಂಬ ತಿಳಿವಳಿಕೆಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ದಲಿತ ವಿದ್ಯಾರ್ಥಿಗಳ ಹಾಸ್ಟೆಲುಗಳಿಗಾಗಿ ದುಡಿದ ಗೋಪಾಲಸ್ವಾಮಿ ಅಯ್ಯರ್ ಅವರ ಹೆಸರನ್ನು ಹೊತ್ತ ಬೆಂಗಳೂರಿನ ಹಾಸ್ಟೆಲ್ ಸಿದ್ಧಲಿಂಗಯ್ಯನವರ ಆತ್ಮಕಥನ ‘ಊರುಕೇರಿ’ಯ ಮೂಲಕ ಸಾಹಿತ್ಯಕ್ಕೂ ಪ್ರವೇಶ ಪಡೆಯಿತು.

ವಿಶ್ವವಿದ್ಯಾಲಯಗಳು ಬೆಳೆದಂತೆ ಈ ಅಗತ್ಯದ ಗಾತ್ರವೂ ಬೆಳೆಯಿತು. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿಯೂ ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿಯೂ ಆರಂಭವಾದವು; ಕುವೆಂಪು ಅವರು ಕುಲಪತಿಗಳಾಗಿದ್ದಾಗ, 1960ರಲ್ಲಿ, ಮೈಸೂರಿನ ಸ್ನಾತಕೋತ್ತರ ವಿಭಾಗಗಳಿಗಾಗಿ ಮಾನಸಗಂಗೋತ್ರಿ ರೂಪುಗೊಂಡಿತು. ದೂರದ ಜಿಲ್ಲೆಗಳಿಂದ ವಿದ್ಯಾರ್ಥಿಗಳನ್ನು ಸೆಳೆಯುವ ಇಂಥ ಆವರಣಗಳು ಹಾಸ್ಟೆಲಿಲ್ಲದೆ ನಡೆಯಲಾರವು. ರಾಜ್ಯದ ಹಿಂದುಳಿದ ವರ್ಗಗಳ ಸ್ಥಿತಿಗತಿಯನ್ನು ಪರಿಶೀಲಿಸಿದ ಹಾವನೂರು ಆಯೋಗ 1975ರಲ್ಲಿ ವರದಿ ಸಲ್ಲಿಸಿದ ಬಳಿಕ, ಮುಖ್ಯಮಂತ್ರಿ ದೇವರಾಜ ಅರಸು ಅವರ ಆಡಳಿತದಲ್ಲಿ, 1977ರಲ್ಲಿ ಹಿಂದುಳಿದ ವರ್ಗಗಳಿಗಾಗಿ ಪ್ರತ್ಯೇಕ ಇಲಾಖೆ ಬಂದು, ಜನರ ಬಾಯಲ್ಲಿ ಇಂದಿಗೂ ಬಿಸಿಎಂ ಹಾಸ್ಟೆಲ್ ಎನಿಸಿಕೊಳ್ಳುವ ನಿಲಯಗಳು ಜಿಲ್ಲೆ, ತಾಲ್ಲೂಕುಗಳಿಗೆ ಹರಡಿದವು. ಹತ್ತನೆಯ ತರಗತಿಯವರೆಗಿನವರಿಗೆ ಮೆಟ್ರಿಕ್ ಪೂರ್ವ, ಅದಕ್ಕೂ ಮುಂದೆ ಓದುವವರಿಗೆ ಮೆಟ್ರಿಕ್ ನಂತರದ ಎಂದು ಇವುಗಳಲ್ಲಿ ಎರಡು ಬಗೆ. ದಾನಿಯ ಕೃಪೆಯಾಗಿದ್ದ ಅನ್ನ ಹೀಗೆ ಅರ್ಜಿ ಹಾಕಿ ಪಡೆಯಬಹುದಾದ ಸೌಲಭ್ಯವಾಯಿತು.

ಹಾಸ್ಟೆಲಿನ ನಿತ್ಯಜೀವನದ ಕೇಂದ್ರ ಮೆಸ್, ಅಂದರೆ ಸಾಮೂಹಿಕ ಭೋಜನಶಾಲೆ. ಇಲಾಖೆಯ ನಿಲಯಗಳಲ್ಲಿ ಊಟದ ವೆಚ್ಚವನ್ನು ಸರ್ಕಾರ ಭರಿಸಿದರೆ, ವಿಶ್ವವಿದ್ಯಾಲಯಗಳ ಅನೇಕ ಹಾಸ್ಟೆಲುಗಳಲ್ಲಿ ಡಿವೈಡಿಂಗ್ ಪದ್ಧತಿ ಇದೆ: ತಿಂಗಳಲ್ಲಿ ದಿನಸಿ, ತರಕಾರಿ, ಹಾಲು, ಅಡುಗೆ ಅನಿಲಗಳಿಗೆ ಆದ ಒಟ್ಟು ಖರ್ಚನ್ನು ಎಲ್ಲರ ಊಟದ ದಿನಗಳ ಮೊತ್ತದಿಂದ ಭಾಗಿಸಿ, ಉಂಡಷ್ಟು ದಿನಕ್ಕೆ ತಕ್ಕಂತೆ ಪ್ರತಿಯೊಬ್ಬರಿಗೂ ಬಿಲ್ ಹಾಕಲಾಗುತ್ತದೆ. ಉದಾಹರಣೆಗೆ ಒಟ್ಟು ಖರ್ಚು 5,00,000 ರೂಪಾಯಿ, ಊಟದ ದಿನಗಳ ಮೊತ್ತ 5,000 ಎಂದಿಟ್ಟುಕೊಂಡರೆ ದಿನದ ದರ 100 ರೂಪಾಯಿಯಾಗುತ್ತದೆ. ಹಬ್ಬಕ್ಕೆ ಊರಿಗೆ ಹೋಗಿ ಬಂದು 22 ದಿನ ಮಾತ್ರ ಉಂಡ ವಿದ್ಯಾರ್ಥಿ 2,200 ರೂಪಾಯಿ ಕೊಟ್ಟರಾಯಿತು. ಲೆಕ್ಕ ಸರಳವಾದರೂ ಅದು ಕಲಿಸುವ ಪಾಠ ದೊಡ್ಡದು. ತಟ್ಟೆಯಲ್ಲಿ ಬಿಟ್ಟ ಅನ್ನವೂ ಹೇಳದೆ ಕರೆತಂದ ಅತಿಥಿಯೂ ಎಲ್ಲರ ಬಿಲ್ಲಿಗೆ ಸೇರುವುದರಿಂದ, ವಿದ್ಯಾರ್ಥಿಗಳೇ ಆರಿಸಿದ ಮೆಸ್ ಸಮಿತಿ ಖರೀದಿಯ ಲೆಕ್ಕ ಕೇಳುತ್ತದೆ, ಅಡುಗೆಯವರೊಡನೆ ಮಾತುಕತೆ ನಡೆಸುತ್ತದೆ, ಮುದ್ದೆ ಬೇಕೆನ್ನುವವರಿಗೂ ರೊಟ್ಟಿ ಬೇಕೆನ್ನುವವರಿಗೂ ನಡುವೆ ರಾಜಿ ಮಾಡಿಸುತ್ತದೆ.

ಕೋಣೆಯ ಕಲಿಕೆ ಇದಕ್ಕಿಂತ ಬೇರೆ ಬಗೆಯದು. ಯಾವ ಸ್ಪರ್ಧಾತ್ಮಕ ಪರೀಕ್ಷೆಗೆ ಯಾವಾಗ ಅರ್ಜಿ ಹಾಕಬೇಕು, ವಿದ್ಯಾರ್ಥಿವೇತನದ ಹಣ ತಡವಾದರೆ ಯಾವ ಕಚೇರಿಯಲ್ಲಿ ವಿಚಾರಿಸಬೇಕು ಎಂಬಂಥ ತಿಳಿವಳಿಕೆ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ ದಕ್ಕುವುದು ಬಹುಪಾಲು ಹಿರಿಯ ವಿದ್ಯಾರ್ಥಿಗಳಿಂದಲೇ. ಅದೇ ಹಿರಿತನ ದಬ್ಬಾಳಿಕೆಯಾದಾಗ ಅದು ರ‍್ಯಾಗಿಂಗ್ ಎನಿಸುತ್ತದೆ. ಇದನ್ನು ತಡೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2009ರಲ್ಲಿ ಹೊರಡಿಸಿದ ನಿಯಮಾವಳಿ ವಿದ್ಯಾರ್ಥಿ ಮತ್ತು ಪೋಷಕರಿಂದ ಮುಚ್ಚಳಿಕೆ ಪಡೆಯುವುದನ್ನು ಕಡ್ಡಾಯಗೊಳಿಸಿತು. ಸಮುದಾಯವಾರು ಹಾಸ್ಟೆಲುಗಳಿಗೂ ಇಂಥದ್ದೇ ಎರಡು ಮುಖಗಳಿವೆ. ಹೊರಗೆ ಎಲ್ಲಿಯೂ ಜಾಗ ಸಿಗದವರಿಗೆ ಅವು ನೆಲೆ ಕೊಟ್ಟವು, ಆದರೆ ಬೇರೆ ಜಾತಿಯವರೊಡನೆ ಕೋಣೆ ಹಂಚಿಕೊಳ್ಳುವ ಅವಕಾಶವನ್ನು ತಮ್ಮ ನಿವಾಸಿಗಳಿಗೆ ಕೊಡಲಿಲ್ಲ.

ಮಹಿಳಾ ಹಾಸ್ಟೆಲುಗಳ ಮುಖ್ಯ ಪ್ರಶ್ನೆ ಗೇಟಿನದು. ಹೆಣ್ಣುಮಕ್ಕಳನ್ನು ದೂರದ ಊರಿಗೆ ಕಳುಹಿಸಲು ಅನೇಕ ತಂದೆತಾಯಿಗಳು ಒಪ್ಪುವುದು ಹಾಸ್ಟೆಲಿನ ಕಾವಲನ್ನು ನಂಬಿಯೇ ಆದ್ದರಿಂದ, ಸಂಜೆ ಇಷ್ಟು ಹೊತ್ತಿಗೆ ಒಳಗಿರಬೇಕೆಂಬ ಕಟ್ಟಳೆ ಅವರ ಓದಿಗೆ ಒಂದು ಬಗೆಯಲ್ಲಿ ದಾರಿ ಮಾಡಿಕೊಟ್ಟಿದೆ. ಆದರೆ ಗ್ರಂಥಾಲಯ, ಪ್ರಯೋಗಾಲಯಗಳು ರಾತ್ರಿಯವರೆಗೆ ತೆರೆದಿದ್ದು ಹುಡುಗರಿಗೆ ಮಾತ್ರ ಅವು ಒದಗುವಂತಾದರೆ ಅದೇ ಕಟ್ಟಳೆ ಕಲಿಕೆಯ ಅಸಮಾನತೆಯಾಗುತ್ತದೆ. ಸುರಕ್ಷತೆಯ ಕಾರಣವೊಡ್ಡಿ ವಿದ್ಯಾರ್ಥಿನಿಯರಿಗೆ ತಾರತಮ್ಯದ ನಿಯಮಗಳನ್ನು ಹೇರಬಾರದೆಂದು ಯುಜಿಸಿಯ 2015ರ ನಿಯಮಾವಳಿ ಹೇಳಿರುವುದು ಈ ಕಾರಣಕ್ಕಾಗಿಯೇ.

ಹಾಸ್ಟೆಲಿನಲ್ಲಿ ಜಾಗ ಸಿಗದವರು ಪಿ.ಜಿ.ಗಳನ್ನು, ಅಂದರೆ ಖಾಸಗಿಯವರು ಬಾಡಿಗೆಗೆ ನಡೆಸುವ ಊಟ ಸಹಿತ ವಸತಿಗೃಹಗಳನ್ನು, ಆಶ್ರಯಿಸುತ್ತಾರೆ. ಇಂಥ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ರಾಜ್ಯ ಸರ್ಕಾರ ರೂಪಿಸಿದ ವಿದ್ಯಾಸಿರಿ ಯೋಜನೆ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳ ನೆರವು ನಿಗದಿಪಡಿಸಿತು. ಬೆಂಗಳೂರಿನಂಥ ನಗರದ ಬಾಡಿಗೆಯ ಮುಂದೆ ಈ ಮೊತ್ತ ಎಷ್ಟು ಚಿಕ್ಕದೆಂಬುದನ್ನು ವಿವರಿಸಬೇಕಾಗಿಲ್ಲ. ಹೊಸ ಕೋರ್ಸಿಗೆ ಅನುಮತಿ ನೀಡುವಾಗ ಅಧ್ಯಾಪಕರ ಹುದ್ದೆಗಳನ್ನೂ ತರಗತಿ ಕೋಣೆಗಳನ್ನೂ ಎಣಿಸುವಂತೆ ಹಾಸ್ಟೆಲಿನ ಜಾಗಗಳನ್ನೂ ಎಣಿಸುವುದು, ಪ್ರವೇಶ ಪ್ರಕಟಣೆಯಲ್ಲಿ ಸೀಟುಗಳ ಪಕ್ಕದಲ್ಲೇ ಆ ಸಂಖ್ಯೆಯನ್ನು ಮುದ್ರಿಸುವುದು ಕಷ್ಟದ ಕೆಲಸವಲ್ಲ. ಹಾಗೆ ಮಾಡಿದರೆ, ಶುಲ್ಕ ಕಟ್ಟುವ ಮೊದಲೇ ಹಳ್ಳಿಯ ಕುಟುಂಬವೊಂದು ತನ್ನ ಮಗ ಅಥವಾ ಮಗಳ ಓದಿಗೆ ನಿಜವಾಗಿ ತಗಲುವ ಖರ್ಚನ್ನು ಲೆಕ್ಕ ಹಾಕಬಹುದು, ಯಾವ ವಿಶ್ವವಿದ್ಯಾಲಯ ಎಷ್ಟು ಮಂದಿಗೆ ಜಾಗ ಒದಗಿಸಿಲ್ಲವೆಂಬುದೂ ಎಲ್ಲರ ಎದುರಿಗಿರುತ್ತದೆ.