ಇಂಗ್ಲಿಷ್ ನಾಮಪದಗುಚ್ಛದಲ್ಲಿ ವರ್ತಮಾನ ಕೃದಂತ ಮತ್ತು ಕ್ರಿಯಾವಿಶೇಷಣ: ಕನ್ನಡ ಸಂಶೋಧಕರ ದೃಷ್ಟಿಯಿಂದ ಕೆಲವು ವಿಚಾರಗಳು

೧. ಸಮಸ್ಯೆಯ ಸ್ವರೂಪ

ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ಸಂಶೋಧನೆಯಲ್ಲಿ ತೊಡಗಿದವರು ಬಹುಮಟ್ಟಿಗೆ ಎರಡು ಭಾಷೆಗಳ ನಡುವೆ ಕೆಲಸ ಮಾಡುವವರು. ಪ್ರಬಂಧ ಕನ್ನಡದಲ್ಲಿದ್ದರೂ ಅದರ ಸಾರಲೇಖವನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದೀತು. ಆಕರಗಳು ಇಂಗ್ಲಿಷಿನಲ್ಲಿದ್ದರೆ ಅವುಗಳ ತಾತ್ಪರ್ಯವನ್ನು ಕನ್ನಡಕ್ಕೆ ತರಬೇಕಾದೀತು. ಈ ಕೊಡುಕೊಳೆಯಲ್ಲಿ ಪಾರಿಭಾಷಿಕ ಪದಗಳ ಬಗೆಗೆ ನಾವು ವಹಿಸುವ ಎಚ್ಚರವನ್ನು ಸಣ್ಣಪುಟ್ಟ ವಾಕ್ಯಾಂಶಗಳ ಬಗೆಗೆ ವಹಿಸುವುದಿಲ್ಲ. ಅಂತಹ ಒಂದು ವಾಕ್ಯಾಂಶವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

'ವೇಗವಾಗಿ ಬೆಳೆಯುತ್ತಿರುವ ನಗರ' ಎಂಬುದನ್ನು ಇಂಗ್ಲಿಷಿನಲ್ಲಿ 'ಎ ರ‍್ಯಾಪಿಡ್ಲಿ ಗ್ರೋಯಿಂಗ್ ಸಿಟಿ' ಎನ್ನುತ್ತೇವೆ. ಕ್ರಿಯಾವಿಶೇಷಣ, ಕೃದಂತ, ನಾಮಪದ ಈ ಮೂರೂ ಎರಡು ಭಾಷೆಗಳಲ್ಲಿ ಒಂದೇ ಅನುಕ್ರಮದಲ್ಲಿವೆ. ಈ ಹೊಂದಿಕೆಯೇ ಭ್ರಮೆಗೆ ಕಾರಣವಾಗಿದೆ. ಕನ್ನಡದ ಕೃದಂತವು ನಾಮಪದದ ಮುಂದೆ ನಿಂತ ಒಂದು ಪೂರ್ಣ ಉಪವಾಕ್ಯ. ಇಂಗ್ಲಿಷಿನಲ್ಲಿ ಆ ಸ್ಥಾನದಲ್ಲಿರುವ 'ಇಂಗ್' ಅಂತ್ಯದ ಪದವಾದರೋ ವಿಶೇಷಣದ ಕಡೆಗೆ ಬಹುದೂರ ಸರಿದಿರುವ ಕ್ರಿಯಾರೂಪ. ಅದು ಎಷ್ಟು ದೂರ ಸರಿದಿದೆ ಎಂಬುದನ್ನು ಅದರೊಡನೆ ಬರುವ ಕ್ರಿಯಾವಿಶೇಷಣವೇ ತಿಳಿಸಿಕೊಡುತ್ತದೆ.

೨. ಗುಣವೇ, ಕ್ರಿಯೆಯೇ?

'ಇಂಗ್' ಅಂತ್ಯದ ಪದಗಳಲ್ಲಿ ಕೆಲವು ಈಗಾಗಲೇ ಪೂರ್ಣ ವಿಶೇಷಣಗಳಾಗಿವೆ. 'ಇಂಟರೆಸ್ಟಿಂಗ್', 'ಸರ್ಪ್ರೈಸಿಂಗ್', 'ಬೋರಿಂಗ್' ಇಂತಹವು. ಇವಕ್ಕೆ 'ವೆರಿ' ಎಂಬ ಪರಿಮಾಣವಾಚಕವನ್ನು ಸೇರಿಸಬಹುದು. 'ಸೀಮ್' ಎಂಬ ಕ್ರಿಯಾಪದದ ಅನಂತರ ಇವು ಸಹಜವಾಗಿ ನಿಲ್ಲುತ್ತವೆ. 'ಎ ವೆರಿ ಇಂಟರೆಸ್ಟಿಂಗ್ ಬುಕ್' ಸಾಧು. 'ಎ ವೆರಿ ಗ್ರೋಯಿಂಗ್ ಸಿಟಿ' ಅಸಾಧು. ಎರಡನೆಯದರಲ್ಲಿ ಕ್ರಿಯೆ ಇನ್ನೂ ಜೀವಂತವಾಗಿದೆ. ಅದು ಬಯಸುವುದು ರೀತಿ, ವೇಗ, ಕಾಲಗಳನ್ನು ಹೇಳುವ ಪದವನ್ನು. 'ವೆರಿ ರ‍್ಯಾಪಿಡ್ಲಿ ಗ್ರೋಯಿಂಗ್' ಎಂದಾಗಲೂ 'ವೆರಿ' ಎಂಬುದರ ಅನ್ವಯ 'ರ‍್ಯಾಪಿಡ್ಲಿ' ಎಂಬುದಕ್ಕೇ ಹೊರತು ಕೃದಂತಕ್ಕಲ್ಲ.

ಒಂದೇ ಪದವು ಎರಡು ಪಂಗಡಗಳಿಗೂ ಸೇರಿರುವುದುಂಟು. 'ಮೂವಿಂಗ್' ಎಂಬುದನ್ನು ಗಮನಿಸಬಹುದು. 'ಎ ಸ್ಲೋಲಿ ಮೂವಿಂಗ್ ಕಾರ್ಟ್' ಎಂದರೆ ನಿಧಾನವಾಗಿ ಚಲಿಸುತ್ತಿರುವ ಬಂಡಿ. 'ಎ ಡೀಪ್ಲಿ ಮೂವಿಂಗ್ ಸ್ಟೋರಿ' ಎಂದರೆ ಮನಸ್ಸನ್ನು ಆಳವಾಗಿ ಕಲಕುವ ಕಥೆ. ಇಲ್ಲಿ ಅರ್ಥವನ್ನು ನಿರ್ಣಯಿಸುವಲ್ಲಿ ನಾಮಪದದಷ್ಟೇ ಕ್ರಿಯಾವಿಶೇಷಣವೂ ನೆರವಾಗುತ್ತದೆ.

ಕ್ರಿಯಾವಿಶೇಷಣದಿಂದ ಇನ್ನೊಂದು ಪ್ರಯೋಜನವೂ ಇದೆ. 'ಸ್ಲೀಪಿಂಗ್ ಚೈಲ್ಡ್' ಮತ್ತು 'ಸ್ಲೀಪಿಂಗ್ ಬ್ಯಾಗ್' ಮೇಲ್ನೋಟಕ್ಕೆ ಒಂದೇ ಬಗೆಯವು. ಮೊದಲನೆಯದಕ್ಕೆ 'ಸೌಂಡ್ಲಿ' ಎಂಬುದನ್ನು ಸೇರಿಸಿದರೆ 'ಗಾಢವಾಗಿ ನಿದ್ರಿಸುತ್ತಿರುವ ಮಗು' ಎಂಬ ಅರ್ಥ ದೊರೆಯುತ್ತದೆ. ಎರಡನೆಯದಕ್ಕೆ ಸೇರಿಸಿದರೆ ಚೀಲವೇ ನಿದ್ರಿಸುತ್ತಿದೆ ಎಂಬ ಹಾಸ್ಯಾಸ್ಪದ ಅರ್ಥ ಬರುತ್ತದೆ. 'ರೀಡಿಂಗ್ ರೂಮ್' ಎಂಬುದೂ ಹೀಗೆಯೇ. ಇವುಗಳಲ್ಲಿರುವುದು ಭಾವನಾಮ, ಕೃದಂತ ವಿಶೇಷಣವಲ್ಲ. ಕನ್ನಡದಲ್ಲಾದರೋ 'ಮಲಗುವ ಮಗು', 'ಮಲಗುವ ಚೀಲ', 'ಓದುವ ಹುಡುಗ', 'ಓದುವ ಕೋಣೆ' ಎಲ್ಲವೂ ಕೃದಂತಗಳೇ. ನಮ್ಮ ಕೃದಂತಕ್ಕೆ ಅದರ ಮುಂದಿನ ನಾಮಪದವು ಕರ್ತೃವಾಗಬಹುದು, ಕರ್ಮವಾಗಬಹುದು, ಕರಣವಾಗಬಹುದು, ಅಧಿಕರಣವೂ ಆಗಬಹುದು. ಇಂಗ್ಲಿಷಿನ ವರ್ತಮಾನ ಕೃದಂತಕ್ಕೆ ಅದು ಕರ್ತೃವಾಗಿಯೇ ಇರಬೇಕು. ಆದುದರಿಂದ 'ನಾನು ಗಮನವಿಟ್ಟು ಓದುತ್ತಿರುವ ಗ್ರಂಥ' ಎಂಬುದಕ್ಕೆ ಆ ಭಾಷೆಯಲ್ಲಿ ಈ ರಚನೆಯೇ ಒದಗುವುದಿಲ್ಲ.

೩. 'ಆಗಿ' ಮತ್ತು 'ಲಿ'

ಕನ್ನಡದ 'ಆಗಿ' ಎಂಬುದಕ್ಕೆ ಇಂಗ್ಲಿಷಿನ 'ಲಿ' ಪ್ರತ್ಯಯವು ಸಮಾನವೆಂದು ಶಾಲೆಯಲ್ಲಿ ಕಲಿತಿರುತ್ತೇವೆ. ಈ ಸಮೀಕರಣ ಅನೇಕ ಕಡೆ ಸರಿ, ಎಲ್ಲ ಕಡೆಯೂ ಅಲ್ಲ.

'ಕಷ್ಟಪಟ್ಟು ದುಡಿಯುವ ವಿದ್ಯಾರ್ಥಿ'ಯನ್ನು 'ಹಾರ್ಡ್-ವರ್ಕಿಂಗ್ ಸ್ಟೂಡೆಂಟ್' ಎನ್ನಬೇಕು. 'ಲಿ' ಸೇರಿಸಿ 'ಹಾರ್ಡ್ಲಿ ವರ್ಕಿಂಗ್' ಎಂದರೆ ದುಡಿಮೆಯನ್ನು ಹೆಚ್ಚುಕಡಿಮೆ ಮಾಡದವನು ಎಂದಾಗಿ, ಪ್ರಶಂಸೆ ನಿಂದೆಯಾಗುತ್ತದೆ. 'ಫಾಸ್ಟ್', 'ಹಾರ್ಡ್', 'ಲಾಂಗ್', 'ಫಾರ್', 'ವೆಲ್' ಮೊದಲಾದವು 'ಲಿ' ಇಲ್ಲದೆಯೇ ಕೃದಂತದೊಡನೆ ಸಮಾಸವಾಗುತ್ತವೆ. ನಾಮಪದಕ್ಕೆ ಮೊದಲು ಬಂದಾಗ ನಡುವೆ ಕಿರುಗೆರೆ ಹಾಕುವುದು ರೂಢಿ. 'ಲಿ' ಅಂತ್ಯದ ಪದಗಳ ಅನಂತರ ಸಾಮಾನ್ಯವಾಗಿ ಕಿರುಗೆರೆ ಬರುವುದಿಲ್ಲ.

ಈ ಸಮಾಸಗಳಲ್ಲಿ ಕೆಲವೆಡೆ ಕ್ರಿಯಾವಿಶೇಷಣವು ಅನಿವಾರ್ಯ. 'ಫಾರ್-ರೀಚಿಂಗ್ ಕಾನ್ಸಿಕ್ವೆನ್ಸಸ್' ಎಂದರೆ ದೂರಗಾಮಿ ಪರಿಣಾಮಗಳು. 'ವೆಲ್-ಮೀನಿಂಗ್ ಪರ್ಸನ್' ಎಂದರೆ ಸದುದ್ದೇಶವುಳ್ಳ ವ್ಯಕ್ತಿ. 'ಫಾರ್', 'ವೆಲ್' ಎಂಬವನ್ನು ತೆಗೆದರೆ ಉಳಿದ ಗುಚ್ಛ ನಿಲ್ಲಲಾರದು. ಆದಕಾರಣ ಇವನ್ನು ಬಿಡಿಸಿ ಅನುವಾದಿಸದೆ ಒಂದೇ ಪದವೆಂದು ಭಾವಿಸಿ ಅನುವಾದಿಸುವುದು ಯುಕ್ತ.

ಇನ್ನೊಂದು ಪಂಗಡದಲ್ಲಿ ಕ್ರಿಯಾವಿಶೇಷಣದಂತೆ ತೋರುವ ಪದವು ವಾಸ್ತವವಾಗಿ ವಿಶೇಷಣ. 'ವಿಚಿತ್ರವಾಗಿ ಕೇಳಿಸುವ ಹೆಸರು' ಎಂಬುದು 'ಸ್ಟ್ರೇಂಜ್-ಸೌಂಡಿಂಗ್ ನೇಮ್' ಆಗುತ್ತದೆ, 'ಸ್ಟ್ರೇಂಜ್ಲಿ ಸೌಂಡಿಂಗ್' ಅಲ್ಲ. 'ಗುಡ್-ಲುಕಿಂಗ್', 'ಸ್ವೀಟ್-ಸ್ಮೆಲಿಂಗ್' ಎಂಬವೂ ಈ ಬಗೆಯವೇ. ಕಾಣು, ಕೇಳಿಸು, ಕಂಪು ಬೀರು ಎಂಬ ಅರ್ಥದ ಇಂಗ್ಲಿಷ್ ಕ್ರಿಯಾಪದಗಳು ಕರ್ತೃವಿನ ಗುಣವನ್ನು ಹೇಳಲು ವಿಶೇಷಣವನ್ನೇ ಪೂರಕವಾಗಿ ತೆಗೆದುಕೊಳ್ಳುತ್ತವೆ. ಕನ್ನಡದ 'ಆಗಿ'ಯಾದರೋ ಕ್ರಿಯೆಯ ರೀತಿಯನ್ನೂ ಹೇಳುತ್ತದೆ, ಕರ್ತೃವಿನ ಗುಣವನ್ನೂ ಹೇಳುತ್ತದೆ. ಸಂದೇಹ ಬಂದಾಗ ಗುಚ್ಛವನ್ನು ಇಂಗ್ಲಿಷಿನಲ್ಲಿಯೇ ಪೂರ್ಣ ವಾಕ್ಯವಾಗಿ ಬಿಡಿಸಿ ನೋಡಬೇಕು. 'ದ ನೇಮ್ ಸೌಂಡ್ಸ್ ಸ್ಟ್ರೇಂಜ್', 'ದ ಸಿಟಿ ಗ್ರೋಸ್ ರ‍್ಯಾಪಿಡ್ಲಿ' ಎಂಬ ವಾಕ್ಯಗಳಲ್ಲಿ ಯಾವ ರೂಪ ಬರುವುದೋ ಅದೇ ರೂಪ ಗುಚ್ಛದಲ್ಲಿಯೂ ಬರುತ್ತದೆ. ಕನ್ನಡ ವಾಕ್ಯದಿಂದ ಈ ಪರೀಕ್ಷೆ ಸಾಧ್ಯವಿಲ್ಲ.

೪. ನಾಮಪದದ ಮುಂದಣ ಇಕ್ಕಟ್ಟು

'ಮುಂಬಯಿಯಲ್ಲಿ ಹಲವು ತಲೆಮಾರುಗಳಿಂದ ನೆಲೆಸಿರುವ, ಮನೆಯಲ್ಲಿ ಕನ್ನಡವನ್ನು ಸರಾಗವಾಗಿ ಮಾತನಾಡುವ ಕುಟುಂಬಗಳು' ಎಂಬ ಗುಚ್ಛ ಕನ್ನಡದಲ್ಲಿ ಕ್ಲಿಷ್ಟವೇನಲ್ಲ. ಸ್ಥಳ, ಕಾಲ, ಕರ್ಮ, ರೀತಿ ಎಲ್ಲವೂ ನಾಮಪದಕ್ಕೆ ಮೊದಲೇ ಬಂದಿವೆ. ಇಂಗ್ಲಿಷಿನಲ್ಲಿ ಆ ಸ್ಥಳ ಬಹಳ ಇಕ್ಕಟ್ಟಾದುದು. ಅಲ್ಲಿ ಒಂದು ಕ್ರಿಯಾವಿಶೇಷಣಕ್ಕೆ ಅವಕಾಶವುಂಟು. ಕರ್ಮಪದವು ಸಮಾಸದ ಅಂಗವಾಗಿ ಮಾತ್ರ ಬರಬಲ್ಲದು. 'ಕನ್ನಡ-ಸ್ಪೀಕಿಂಗ್ ಫ್ಯಾಮಿಲೀಸ್' ಎಂಬುದು ಇದಕ್ಕೆ ನಿದರ್ಶನ. ಇದಕ್ಕೆ 'ಫ್ಲುಯೆಂಟ್ಲಿ' ಎಂಬುದನ್ನು ಸೇರಿಸಹೊರಟರೆ ಗುಚ್ಛ ಕುಂಟುತ್ತದೆ. ಆಗ ಕೃದಂತವನ್ನು ನಾಮಪದದ ಅನಂತರಕ್ಕೆ ಸಾಗಿಸಿ, 'ಫ್ಯಾಮಿಲೀಸ್ ಸ್ಪೀಕಿಂಗ್ ಕನ್ನಡ ಫ್ಲುಯೆಂಟ್ಲಿ ಅಟ್ ಹೋಮ್' ಎಂದೋ 'ಹೂ' ಎಂಬ ಸಂಬಂಧಸೂಚಕ ಸರ್ವನಾಮದ ಉಪವಾಕ್ಯವಾಗಿಯೋ ಬರೆಯಬೇಕು. ಇದು ಕೃದಂತಗಳಿಗೆಲ್ಲ ಅನ್ವಯಿಸುವ ನಿಯಮವೇನಲ್ಲ. ಇಂಗ್ಲಿಷಿನ ಹತ್ತಿರದ ಬಂಧುವಾದ ಜರ್ಮನ್ ಭಾಷೆಯಲ್ಲಿ 'ಮುಂಬಯಿಯಲ್ಲಿ ವಾಸಿಸುತ್ತಿರುವ' ಎಂಬಂತಹ ದೀರ್ಘ ವಿಶೇಷಣ ನಾಮಪದಕ್ಕೆ ಮೊದಲೇ ಬರಬಲ್ಲದು.

ಕ್ವರ್ಕ್, ಗ್ರೀನ್‌ಬಾಮ್, ಲೀಚ್ ಮತ್ತು ಸ್ವಾರ್ಟ್‌ವಿಕ್ ಅವರು ೧೯೮೫ರಲ್ಲಿ ಪ್ರಕಟಿಸಿದ ಬೃಹತ್ ಇಂಗ್ಲಿಷ್ ವ್ಯಾಕರಣವು, ನಾಮಪದಕ್ಕೆ ಮೊದಲು ಬರುವ ಕೃದಂತವು ಆ ಕ್ಷಣದ ಕ್ರಿಯೆಗಿಂತ ಹೆಚ್ಚಾಗಿ ಸ್ಥಿರ ಲಕ್ಷಣವನ್ನು ಸೂಚಿಸುವ ಪ್ರವೃತ್ತಿಯುಳ್ಳದ್ದೆಂದು ಗುರುತಿಸಿದೆ. ಮೇಲೆ ಹೇಳಿದ ಇಕ್ಕಟ್ಟಿಗೂ ಈ ಪ್ರವೃತ್ತಿಗೂ ಸಂಬಂಧವಿದೆ. ಸ್ಥಳಕಾಲಗಳಿಗೆ ಬದ್ಧವಾದ ಘಟನೆಯನ್ನು ಲಕ್ಷಣವೆಂದು ಹೇಳುವುದು ಸುಲಭವಲ್ಲ. 'ಫಾಸ್ಟ್', 'ಸ್ಟೆಡಿಲಿ', 'ಎವರ್' ಎಂಬಂತಹ ಪದಗಳಾದರೋ ಕ್ರಿಯೆಗೆ ಲಕ್ಷಣದ ಸ್ವರೂಪವನ್ನು ಕೊಡುತ್ತವೆ.

೫. ಕಾಲದ ಪ್ರಶ್ನೆ

ಸಂಶೋಧಕರಿಗೆ ಎಲ್ಲಕ್ಕಿಂತ ಮುಖ್ಯವಾದುದು ಇದು. ಹೆಸರಿನಲ್ಲಿ 'ವರ್ತಮಾನ' ಎಂದಿದ್ದರೂ ಇಂಗ್ಲಿಷಿನ ಈ ಕೃದಂತಕ್ಕೆ ಸ್ವತಂತ್ರವಾದ ಕಾಲವಿಲ್ಲ. ವಾಕ್ಯದ ಪ್ರಧಾನ ಕ್ರಿಯಾಪದದಿಂದ ಅಥವಾ ಸಂದರ್ಭದಿಂದ ಅದು ಕಾಲವನ್ನು ಪಡೆಯುತ್ತದೆ. ಕನ್ನಡದಲ್ಲಿ 'ಮಾಡುವ', 'ಮಾಡಿದ', 'ಮಾಡದ' ಎಂದು ಕೃದಂತವೇ ಕಾಲವನ್ನೂ ನಿಷೇಧವನ್ನೂ ಹೊತ್ತಿರುತ್ತದೆ. 'ಮಾಡುತ್ತಿರುವ', 'ಮಾಡುತ್ತಿದ್ದ' ಎಂಬ ಭೇದವೂ ಉಂಟು. ಕಿಟೆಲ್ ಮೊದಲಾದ ಪಾಶ್ಚಾತ್ಯ ವಿದ್ವಾಂಸರು ಇವನ್ನು ಸಂಬಂಧ ಕೃದಂತಗಳೆಂದು ಕರೆದುದು ಉಚಿತವಾಗಿಯೇ ಇದೆ. ಇಂಗ್ಲಿಷಿನಲ್ಲಿ ಸಂಬಂಧಸೂಚಕ ಉಪವಾಕ್ಯ ಮಾಡುವ ಕೆಲಸವನ್ನು ಕನ್ನಡದಲ್ಲಿ ಇವು ಮಾಡುತ್ತವೆ.

೧೮೮೪ರಲ್ಲಿ ಹೊರಬಂದ ಧಾರವಾಡ ಜಿಲ್ಲೆಯ ಗೆಜೆಟಿಯರಿನಂತಹ ಆಕರದಿಂದ ಮಾಹಿತಿ ಸಂಗ್ರಹಿಸುವವರ ಎದುರಿಗೆ 'ಸ್ಟೆಡಿಲಿ ಡಿಕ್ಲೈನಿಂಗ್ ಟ್ರೇಡ್' ಎಂಬ ಬಗೆಯ ಗುಚ್ಛವೊಂದು ಬಂದಿತೆನ್ನೋಣ. ಇದನ್ನು 'ಕ್ರಮೇಣ ಕ್ಷೀಣಿಸುತ್ತಿರುವ ವ್ಯಾಪಾರ' ಎಂದರೆ ವ್ಯಾಪಾರವು ಇಂದಿಗೂ ಕ್ಷೀಣಿಸುತ್ತಿದೆ ಎಂದು ಓದುಗರು ಗ್ರಹಿಸಬಹುದು. 'ಕ್ಷೀಣಿಸುತ್ತಿದ್ದ' ಎಂದರೆ ಆಕರದ ಕಾಲಕ್ಕೆ ನಿಷ್ಠೆ ಉಳಿಯುತ್ತದೆ. ಮೂಲದಲ್ಲಿ ಈ ಆಯ್ಕೆಯ ಅಗತ್ಯವೇ ಇಲ್ಲ. ಕನ್ನಡದಲ್ಲಿ ಅದನ್ನು ತಪ್ಪಿಸಿಕೊಳ್ಳುವಂತಿಲ್ಲ. ಪದಶಃ ಸರಿಯಾದ ಅನುವಾದವೂ ಚರಿತ್ರೆಯನ್ನು ತಪ್ಪಾಗಿ ಹೇಳಬಲ್ಲದು.

ವಿಲೋಮ ದಿಕ್ಕಿನಲ್ಲಿಯೂ ಇದೇ ತೊಡಕು. 'ವೇಗವಾಗಿ ಬೆಳೆದ ನಗರ' ಎಂಬುದನ್ನು 'ರ‍್ಯಾಪಿಡ್ಲಿ ಗ್ರೋಯಿಂಗ್' ಎಂದರೆ ಮುಗಿದ ಬೆಳವಣಿಗೆ ಮುಗಿಯದ್ದಾಗುತ್ತದೆ. ಇಲ್ಲಿ ಸಂಬಂಧಸೂಚಕ ಉಪವಾಕ್ಯವೇ ಸರಿ. 'ಹೊಸದಾಗಿ ಬಂದ ಅತಿಥಿಗಳು' ಎಂಬಂತಹ ಕೆಲವು ಕಡೆ ಮಾತ್ರ 'ನ್ಯೂಲಿ ಅರೈವ್ಡ್ ಗೆಸ್ಟ್ಸ್' ಎಂದು ಭೂತ ಕೃದಂತ ಒದಗುತ್ತದೆ.

೬. ಉಪಸಂಹಾರ

ಮೇಲಿನ ಚರ್ಚೆಯಿಂದ ಮೂರು ಪ್ರಶ್ನೆಗಳು ಹೊರಡುತ್ತವೆ. ಹೇಳಬೇಕಾದುದು ಗುಣವೇ, ನಡೆಯುತ್ತಿರುವ ಕ್ರಿಯೆಯೇ? 'ಆಗಿ' ಎಂಬುದು ಕ್ರಿಯೆಗೆ ಅನ್ವಯಿಸುತ್ತದೆಯೇ, ಕರ್ತೃವಿಗೆ ಅನ್ವಯಿಸುತ್ತದೆಯೇ? ಕ್ರಿಯೆಗೆ ತನ್ನದೇ ಆದ ಸ್ಥಳ, ಕಾಲ, ಕರ್ಮಗಳಿವೆಯೇ? ಮೊದಲನೆಯದರಿಂದ ಕ್ರಿಯಾವಿಶೇಷಣದ ಜಾತಿಯೂ ಎರಡನೆಯದರಿಂದ ಅದರ ರೂಪವೂ ಮೂರನೆಯದರಿಂದ ಕೃದಂತದ ಸ್ಥಾನವೂ ನಿರ್ಣಯವಾಗುತ್ತವೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ನಾಲ್ಕನೆಯ ಪ್ರಶ್ನೆಯೊಂದನ್ನು ಸೇರಿಸಿಕೊಳ್ಳಬೇಕು: ಈ ಕ್ರಿಯೆ ಯಾವ ಕಾಲದ್ದು? ಆಕರದ ಭಾಷೆ ಉತ್ತರಿಸದೆ ಬಿಟ್ಟ ಈ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಕನ್ನಡದಲ್ಲಿ ಬರೆಯುವ ಸಂಶೋಧಕರದಾಗಿರುತ್ತದೆ.