ಹಳದಿ ದೀಪ ಆರಿದ ಮೇಲೆ

ದೊಡ್ಡಬಳ್ಳಾಪುರದ ನೇಕಾರರ ಬೀದಿಯೊಂದರಲ್ಲಿ ನನ್ನ ಅಕ್ಕನ ಮನೆಯಿದೆ. ಹಗಲೆಲ್ಲ ವಿದ್ಯುತ್ ಮಗ್ಗಗಳ ಸದ್ದು; ಹೊತ್ತು ಮುಳುಗಿದ ಮೇಲೆ ಮಹಡಿಗೆ ಹೋದರೆ ದೇವನಹಳ್ಳಿಯ ನಿಲ್ದಾಣದತ್ತ ಇಳಿಯುವ ವಿಮಾನಗಳ ದೀಪಗಳು. 2008ರ ಮೇ ತಿಂಗಳಲ್ಲಿ ಆ ನಿಲ್ದಾಣ ಆರಂಭವಾದಾಗ ಅಕ್ಕನ ಮೊಮ್ಮಗ ತೊಟ್ಟಿಲ ಕೂಸು. ಈಗ ಪಿಯುಸಿ ಮುಗಿಸಿ ಪೈಲಟ್ ಆಗಬೇಕೆಂಬ ಹಂಬಲ ಹೊತ್ತಿದ್ದಾನೆ. ತರಬೇತಿಯ ಖರ್ಚು ಕೇಳಿದರೆ ಎದೆ ಝಲ್ಲೆನ್ನುತ್ತದೆಯಾದ್ದರಿಂದ ಸದ್ಯಕ್ಕೆ ಕಂಪ್ಯೂಟರ್‌ನಲ್ಲಿಯೇ ಅವನ ಹಾರಾಟ.

ಕಳೆದ ಭಾನುವಾರ ಅವನು ಏರ್‌ಬಸ್ ಎ320 ವಿಮಾನದ ಅಣಕು ಕಾಕ್‌ಪಿಟ್‌ನಲ್ಲಿ ನನಗೆ ಸಹಪೈಲಟ್ ಹುದ್ದೆ ದಯಪಾಲಿಸಿದ. ಹಾರಾಟ ಆರಂಭವಾದ ಸ್ವಲ್ಪ ಹೊತ್ತಿನಲ್ಲಿಯೇ ಒಮ್ಮೆ ಗಂಟೆ ನಾದವಾಗಿ, ಎದುರಿನ ‘ಮಾಸ್ಟರ್ ಕಾಷನ್’ ಎಂಬ ಹಳದಿ ಗುಂಡಿ ಬೆಳಗಿತು. ಗಾಬರಿಯಿಂದ ಒತ್ತಿದೆ; ದೀಪ ಆರಿತು. ಹುಡುಗ ನಕ್ಕ. “ತಾತ, ಏನೂ ಸರಿಹೋಗಿಲ್ಲ. ಅದನ್ನ ಒತ್ತಿದ್ರೆ ನೋಡಿದ್ದೀನಿ ಅಂತ ಅರ್ಥ, ಅಷ್ಟೇ. ಪರದೆ ನೋಡಿ.” ನಡುವಿನ ಪರದೆಯಲ್ಲಿ ಒಂದನೆಯ ಎಂಜಿನ್‌ನ ಜನರೇಟರ್ ಕೈಕೊಟ್ಟ ಸುದ್ದಿ ಹಳದಿ ಅಕ್ಷರಗಳಲ್ಲಿಯೂ, ಅದನ್ನು ಒಮ್ಮೆ ಆರಿಸಿ ಮತ್ತೆ ಚಾಲೂ ಮಾಡಬೇಕೆಂಬ ಸೂಚನೆ ನೀಲಿ ಅಕ್ಷರಗಳಲ್ಲಿಯೂ ಹಾಗೆಯೇ ಉಳಿದಿದ್ದವು.

ಮೂವತ್ತು ವರ್ಷಗಳಿಗೂ ಮೀರಿ ಕಡತಗಳ ಅಂಚಿನಲ್ಲಿ ‘ನೋಡಿದೆ’ ಎಂದು ಬರೆದು ಚುಟುಕು ಸಹಿ ಹಾಕುತ್ತ ಬಂದವನಿಗೆ ಆ ಮಾತು ನಾಟದೆ ಹೇಗಿದ್ದೀತು?

ಈ ವಿಮಾನದ ಎಚ್ಚರಿಕೆಯ ವ್ಯವಸ್ಥೆಯಲ್ಲಿ ಮೇಲು-ಕೀಳಿನ ಕ್ರಮವಿದೆ. ಎಂಜಿನ್‌ಗೆ ಬೆಂಕಿ ತಗುಲಿದಂಥ ಅಪಾಯಕ್ಕೆ ಮಿನುಗುವ ಕೆಂಪು ದೀಪ, ಎಡೆಬಿಡದ ಗಂಟೆ. ತಕ್ಷಣ ಕ್ರಮ ಕೈಗೊಳ್ಳಬೇಕು. ತುಸು ತಾಳಬಹುದಾದ ದೋಷಕ್ಕೆ ಹಳದಿ ದೀಪ, ಒಂದೇ ಸಲದ ಗಂಟೆ. ಗಮನವಿಟ್ಟರೆ ಸಾಕೆನ್ನುವಂಥದ್ದಕ್ಕೆ ಸದ್ದೇ ಇಲ್ಲ, ಪರದೆಯ ಮೇಲೊಂದು ಸಾಲು ಮಾತ್ರ. ಎಲ್ಲವೂ ಸರಿಯಿದ್ದಾಗ ತಲೆಯ ಮೇಲಿನ ಫಲಕದ ಗುಂಡಿಗಳು ಬೆಳಗದೆ ಕಪ್ಪಾಗಿಯೇ ಇರಬೇಕೆಂಬುದು ಅದರ ವಿನ್ಯಾಸದ ತತ್ವ. (ಅಕ್ಕನ ಬೀದಿಯಲ್ಲಿ ಇದು ತಿರುಗುಮುರುಗು, ಅಲ್ಲಿ ಮಗ್ಗದ ಸದ್ದು ನಿಂತರೇನೇ ನೇಕಾರ ಎದ್ದು ಬರುವುದು.) ನೆಲ ಬಿಟ್ಟೇಳುವ ನಿರ್ಣಾಯಕ ಕ್ಷಣಗಳಲ್ಲಂತೂ ಅಷ್ಟೇನೂ ಮುಖ್ಯವಲ್ಲದ ಹಲವು ಎಚ್ಚರಿಕೆಗಳನ್ನು ಯಂತ್ರವೇ ತಡೆಹಿಡಿಯುತ್ತದೆ. ನಮ್ಮ ಕಚೇರಿಗಳಲ್ಲಿ ಪ್ರತಿ ಕಡತಕ್ಕೂ ‘ಜರೂರು’ ಚೀಟಿ, ಅದು ಸವೆದ ಮೇಲೆ ‘ಅತಿ ಜರೂರು’. ಅರ್ಥಶಾಸ್ತ್ರ ಓದಿದವನಾಗಿ ಹೇಳುವುದಾದರೆ, ಅದು ಶುದ್ಧ ಹಣದುಬ್ಬರ.

ಒಂದೇ ಸದ್ದಿಗೆ ಎರಡು ಅರ್ಥವಿದ್ದರೆ ಏನಾಗುತ್ತದೆ ಎಂಬುದನ್ನು 2005ರ ಆಗಸ್ಟ್ 14ರಂದು ಗ್ರೀಸ್‌ನಲ್ಲಿ ಬಿದ್ದ ಹೀಲಿಯೋಸ್ ಸಂಸ್ಥೆಯ ಬೋಯಿಂಗ್ 737 ತೋರಿಸಿತು. ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಕುಸಿದಾಗ ಮೊಳಗುವ ಹಾರ್ನ್, ನೆಲದ ಮೇಲೆ ಹೊರಡುವ ಸಿದ್ಧತೆ ತಪ್ಪಿದ್ದಾಗ ಮೊಳಗುವ ಹಾರ್ನ್, ಎರಡೂ ಒಂದೇ. ಆಗಸದಲ್ಲಿ ಅದು ಮೊಳಗಿದಾಗ ಪೈಲಟ್‌ಗಳು ಎರಡನೆಯದೆಂದೇ ಭಾವಿಸಿದರು. ಆಮ್ಲಜನಕದ ಕೊರತೆಯಿಂದ ಪ್ರಜ್ಞೆ ತಪ್ಪಿತು. ವಿಮಾನದಲ್ಲಿದ್ದ 121 ಜನರೂ ಸತ್ತರು. ಈ ಮಾದರಿಯ ವಿಮಾನಗಳಲ್ಲಿ ಎರಡಕ್ಕೂ ಬೇರೆ ಬೇರೆ ದೀಪ ಅಳವಡಿಸಬೇಕೆಂದು ಅಮೆರಿಕದ ನಿಯಂತ್ರಕರು ಆದೇಶಿಸಿದ್ದು 2011ರಲ್ಲಿ.

ನಮ್ಮದೇ ಬೆಂಗಳೂರಿನ ಉದಾಹರಣೆ ಇನ್ನೂ ಜಟಿಲ. 1990ರ ಫೆಬ್ರುವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ ಎ320 ವಿಮಾನ ಎಚ್‌ಎಎಲ್ ನಿಲ್ದಾಣ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕಪ್ಪಳಿಸಿತು. 146 ಜನರಲ್ಲಿ 92 ಮಂದಿ ಸತ್ತರು. ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿಯೇ ಇರುವಂಥ ಇಳಿಕೆಯ ವಿಧಾನದಲ್ಲಿ ವಿಮಾನವಿತ್ತು. ಇಳಿಕೆಯ ವೇಗದ ತಿರುಪಿನ ಬದಲು ಎತ್ತರದ ತಿರುಪನ್ನು ತಿರುಗಿಸಿರಬಹುದೆಂದು ತನಿಖೆ ಶಂಕಿಸಿತು. ಯಂತ್ರಕ್ಕೆ ದೋಷವಿದ್ದರಲ್ಲವೇ ದೀಪ ಹೊತ್ತಿಕೊಳ್ಳುವುದು? ಅದು ಹೇಳಿದಂತೆ ನಡೆಯುತ್ತಿತ್ತು. ಹೇಳಿದ್ದೇನು ಎಂಬುದು ಪೈಲಟ್‌ಗಳ ಎದುರಿನ ಪರದೆಯ ನೆತ್ತಿಯಲ್ಲಿ ಪುಟ್ಟ ಅಕ್ಷರಗಳಲ್ಲಿ ಮೂಡುತ್ತದೆ. ಅದನ್ನು ಓದಬೇಕಾದವನು ಮನುಷ್ಯ.

2010ರ ಮೇ 22ರ ಮಂಗಳೂರು ದುರಂತದಲ್ಲಾದರೋ ಎಚ್ಚರಿಕೆಗೆ ಕೊರತೆಯೇ ಇರಲಿಲ್ಲ. ಇಳಿಕೆ ಅಪಾಯಕಾರಿಯಾಗಿದೆ, ಮೇಲೇರಿ ಎಂದು ಯಂತ್ರ ಕೂಗಿತು. ಇಳಿಯುವುದು ಬೇಡ, ಮತ್ತೊಂದು ಸುತ್ತು ಹಾಕೋಣ ಎಂದು ಸಹಪೈಲಟ್ ಮೂರು ಸಲ ಹೇಳಿದ್ದರೆಂದು ತನಿಖಾ ವರದಿ ದಾಖಲಿಸಿದೆ. ಕ್ಯಾಪ್ಟನ್ ಇಳಿಸಿಯೇಬಿಟ್ಟರು. ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು, ಉಳಿದವರು ಎಂಟು ಮಂದಿ.

ಆ ವರದಿಯ ಸಾರ ಪತ್ರಿಕೆಗಳಲ್ಲಿ ಬಂದಾಗ ನನಗೆ ನೆನಪಾದದ್ದು ಒಬ್ಬ ಗ್ರಾಮಲೆಕ್ಕಿಗ. ತೊಂಬತ್ತರ ದಶಕದಲ್ಲಿ ನಾನು ತಾಲ್ಲೂಕೊಂದರ ತಹಶೀಲ್ದಾರನಾಗಿದ್ದೆ. ಕೆರೆಯ ತೂಬಿನ ಪಕ್ಕ ಏರಿ ಜಿನುಗುತ್ತಿದೆಯೆಂದು ಆತ ವರದಿ ಕಳಿಸಿದ. ‘ನೋಡಿದೆ’ ಎಂದು ಸಹಿ ಹಾಕಿದೆ. ಹದಿನೈದು ದಿನ ಬಿಟ್ಟು ಇನ್ನೊಂದು ಕಳಿಸಿದ, ಅದಕ್ಕೂ ಅದೇ. ಜಮಾಬಂದಿಯ ದಿನ ಎದುರು ನಿಂತು ಏನೋ ಹೇಳಹೊರಟವನನ್ನು “ಎಲ್ಲ ನೋಡಿದ್ದೀನಿ ಹೋಗಯ್ಯ” ಎಂದು ಗದರಿ ಕಳಿಸಿದೆ. ಹಿಂಗಾರಿನ ಒಂದು ರಾತ್ರಿ ಏರಿ ಒಡೆಯಿತು. ಜೀವಹಾನಿಯಾಗಲಿಲ್ಲ, ಅದು ನನ್ನ ಪುಣ್ಯ. ಆದರೆ ಕೆಳಗಿನ ಗದ್ದೆಗಳ ಫಸಲೆಲ್ಲ ಕೊಚ್ಚಿಹೋಯಿತು. ಪರಿಹಾರದ ಪಟ್ಟಿ ಸಿದ್ಧಪಡಿಸಿಕೊಟ್ಟವನು ಅದೇ ಗ್ರಾಮಲೆಕ್ಕಿಗ. ತನ್ನ ಎರಡು ವರದಿಗಳ ಪ್ರಸ್ತಾಪವನ್ನು ಆತ ಎಲ್ಲಿಯೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಹುಡುಗನಿಗೆ ಇದನ್ನೆಲ್ಲ ಹೇಳಲು ಹೋಗಲಿಲ್ಲ. ಅವನು ಹಾರಾಟವನ್ನು ಮೊದಲಿನಿಂದ ಶುರುಮಾಡಿದ. ಹತ್ತು ನಿಮಿಷಕ್ಕೆ ಮತ್ತೆ ಗಂಟೆ, ಮತ್ತೆ ಹಳದಿ ದೀಪ. ಕೈ ತಾನಾಗಿ ಗುಂಡಿಯತ್ತ ಹೋಯಿತು. ಹಿಂದಕ್ಕೆಳೆದುಕೊಂಡು, ಕನ್ನಡಕ ಸರಿಪಡಿಸಿಕೊಂಡು, ಪರದೆಯ ಮೇಲಿನ ಸಾಲನ್ನು ಅವನಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ. “ಈಗ ಒತ್ತಿ, ತಾತ” ಎಂದ.